ಕೆಡದ ವಿಟಮಿನ್ ಸಿ: ಪಾಕದ ಕಾರ್ಖಾನೆಯಿಂದ ಮುಖದ ಸೀರಂಗೆ

ಜಪಾನಿನ ಒಕಾಯಾಮದಲ್ಲಿ 1883ರಲ್ಲಿ ಹಯಾಶಿಬಾರ ಎಂಬ ಮನೆತನ ಪಿಷ್ಟದಿಂದ ಸಿಹಿಪಾಕ ತಯಾರಿಸುವ ಉದ್ಯಮ ಶುರುಮಾಡಿತು. ಮಿಠಾಯಿಗೆ, ತಿಂಡಿಗೆ ಹಾಕುವ ಅಂಟುಪಾಕ ಅದು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಕಂಪನಿ ಕಿಣ್ವಗಳನ್ನು ಬಳಸಿ ಪಿಷ್ಟವನ್ನು ತುಂಡರಿಸುವ, ತುಂಡುಗಳನ್ನು ಬೇಕಾದ ಕಡೆ ಜೋಡಿಸುವ ವಿದ್ಯೆಯಲ್ಲಿ ಪಳಗಿತ್ತು. ಇಂದು ಬೆಂಗಳೂರಿನ ಔಷಧದಂಗಡಿಯ ಕಪಾಟಿನಲ್ಲೋ ಮೊಬೈಲ್ ಪರದೆಯಲ್ಲೋ ‘ವಿಟಮಿನ್ ಸಿ ಸೀರಂ’ ಎಂದು ಕಾಣುವ ಬಾಟಲಿಗಳಲ್ಲಿ ಹಲವುಗಳ ಒಳಗಿರುವ ವಸ್ತು ಆ ಪಾಕದ ವಿದ್ಯೆಯ ಕೂಸು. ಅದರ ಹೆಸರು ಆಸ್ಕಾರ್ಬಿಲ್ ಗ್ಲೂಕೋಸೈಡ್. ತಯಾರಕರು ಕರೆಯುವುದು ಎಎ-2ಜಿ ಎಂದು.

ಈ ವಸ್ತು ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ವಿಟಮಿನ್ ಸಿಯ ಸ್ವಭಾವ ಗೊತ್ತಿರಬೇಕು. ಅದರ ಗುಣ, ದೋಷ ಎರಡಕ್ಕೂ ಮೂಲ ಒಂದೇ: ತನ್ನ ಎಲೆಕ್ಟ್ರಾನುಗಳನ್ನು ಅದು ಬಹಳ ಸಲೀಸಾಗಿ ಬಿಟ್ಟುಕೊಡುತ್ತದೆ. ಬಿಸಿಲು ಚರ್ಮದಲ್ಲಿ ಹುಟ್ಟಿಸುವ ಕೆರಳಿದ ಆಕ್ಸಿಜನ್ ಕಣಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವುಗಳ ಹಾವಳಿ ತಡೆಯುವುದು ಇದೇ ಗುಣದಿಂದ. ಕೊಲಾಜೆನ್ ಎಳೆಗಳನ್ನು ಗಟ್ಟಿಗೊಳಿಸುವ ಕಿಣ್ವಗಳನ್ನು ಚುರುಕಾಗಿ ಇಡುವುದೂ ಇದೇ ಗುಣ. ಆದರೆ ಬಾಟಲಿಯೊಳಗಿನ ಗಾಳಿಗೂ ಅದು ಅಷ್ಟೇ ಸಲೀಸಾಗಿ ಎಲೆಕ್ಟ್ರಾನ್ ಕೊಟ್ಟು ಖಾಲಿಯಾಗುತ್ತದೆ. ನೀರಿನಲ್ಲಿ ಕರಗಿದ ಆಸ್ಕಾರ್ಬಿಕ್ ಆಮ್ಲ ಮೊದಲು ಡಿಹೈಡ್ರೊಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಅಲ್ಲಿಂದ ಇನ್ನೊಂದು ಹೆಜ್ಜೆ ಜಾರಿ ಅಣುವಿನ ಉಂಗುರವೇ ಒಡೆದರೆ ಮತ್ತೆ ವಿಟಮಿನ್ ಆಗಿ ಮರಳುವ ದಾರಿ ಮುಚ್ಚಿತು. ಬೆಳಕು, ಸೆಕೆ, ನೀರಿನಲ್ಲಿರುವ ತಾಮ್ರ ಕಬ್ಬಿಣದ ಸಣ್ಣ ಅಂಶ ಎಲ್ಲವೂ ಈ ಕೆಡುವಿಕೆಗೆ ವೇಗ ಕೊಡುತ್ತವೆ. ಬಣ್ಣವಿಲ್ಲದ ಸೀರಂ ಹಳದಿಗೆ ತಿರುಗಿ, ಆಮೇಲೆ ಕಂದಾಗುವುದನ್ನು ಅದನ್ನು ಬಳಸಿದವರೆಲ್ಲ ಕಂಡಿದ್ದಾರೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ, ಕಲಬುರಗಿಯ ಮೇ ಬಿಸಿಲಿನಲ್ಲಿ ಆ ಬದಲಾವಣೆಗೆ ಹೆಚ್ಚು ದಿನ ಬೇಕಿಲ್ಲ.

ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಕೇಂಬ್ರಿಜ್‌ನಲ್ಲಿ ದನದ ಅಡ್ರಿನಲ್ ಗ್ರಂಥಿಯಿಂದ ಈ ಆಮ್ಲವನ್ನು ಬೇರ್ಪಡಿಸಿದ್ದರು. ಮುಂದೆ ತಮ್ಮ ದೇಶದ ಸೆಗೆಡ್ ನಗರದಲ್ಲಿ ಕೆಂಪು ಮೆಣಸಿನಕಾಯಿಯಿಂದ ಅದನ್ನು ಕಿಲೋಗಟ್ಟಲೆ ಪಡೆದರು. 1937ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಅದೇ ವರ್ಷ ರಸಾಯನ ವಿಜ್ಞಾನದ ನೊಬೆಲ್ ಪಡೆದವರಲ್ಲಿ ಅಣುವಿನ ರಚನೆ ಬಿಡಿಸಿದ ಬ್ರಿಟನ್ನಿನ ವಾಲ್ಟರ್ ಹಾವರ್ತ್ ಒಬ್ಬರು. ಆ ರಚನೆ ನಮ್ಮ ವಿಷಯಕ್ಕೆ ಮುಖ್ಯ. ಅಣುವಿನಲ್ಲಿ ನಾಲ್ಕು ಹೈಡ್ರಾಕ್ಸಿಲ್ ಗುಂಪುಗಳಿವೆ. ಎರಡು ಮತ್ತು ಮೂರನೇ ಕಾರ್ಬನ್ನಿಗೆ ಅಂಟಿಕೊಂಡ ಗುಂಪುಗಳ ಬಳಿಯೇ ಎಲೆಕ್ಟ್ರಾನಿನ ವ್ಯವಹಾರವೆಲ್ಲ ನಡೆಯುವುದು. ಆ ಎರಡರಲ್ಲಿ ಒಂದನ್ನು ಮುಚ್ಚಿದರೆ ಅಣು ಕೆಡುವುದು ಬಹುಮಟ್ಟಿಗೆ ನಿಲ್ಲುತ್ತದೆ.

ತಿಂದು ಪಡೆದರೆ ಸಾಲದೇ ಎಂದು ಕೇಳಬಹುದು. ತಿನ್ನಲೇಬೇಕು. ಮನುಷ್ಯರ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ನಮ್ಮಲ್ಲಿ ಅದಕ್ಕೆ ಬೇಕಾದ ಕೊನೆಯ ಕಿಣ್ವವೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಒಂದು ಸೀಬೆಹಣ್ಣು ಆ ಲೆಕ್ಕವನ್ನು ದಾಟಿಸುತ್ತದೆ. ಆದರೆ ರಕ್ತ ಒಂದು ಮಟ್ಟದವರೆಗೆ ಮಾತ್ರ ಈ ವಿಟಮಿನ್ ತುಂಬಿಕೊಳ್ಳುತ್ತದೆ; ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಕಳಿಸುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಚರ್ಮ ತನ್ನಲ್ಲಿರುವ ದಾಸ್ತಾನನ್ನು ಖರ್ಚು ಮಾಡಿಕೊಳ್ಳುತ್ತದೆ. ಮಾತ್ರೆಯ ಮೇಲೆ ಮಾತ್ರೆ ನುಂಗಿದರೂ ಚರ್ಮಕ್ಕೆ ಮಿತಿ ಮೀರಿ ಸಿಗುವುದಿಲ್ಲ. ಹೊರಗಿನಿಂದಲೇ ಹಚ್ಚಿದರೆ ಹೇಗೆ ಎಂಬ ಯೋಚನೆ ಬಂದದ್ದು ಇಲ್ಲಿಂದ.

ಹಚ್ಚುವುದು ಹೇಗೆ ಎಂಬುದನ್ನು ಅಳತೆ ಮಾಡಿ ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮವೈದ್ಯ ಶೆಲ್ಡನ್ ಪಿನೆಲ್. ಅವರ ತಂಡ 2001ರಲ್ಲಿ ಪ್ರಕಟಿಸಿದ, ಹಂದಿಯ ಚರ್ಮದ ಮೇಲಿನ ಪ್ರಯೋಗ ಇಂದಿಗೂ ಈ ಕ್ಷೇತ್ರದ ಅಡಿಪಾಯ. ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿದ್ದರೆ ಮಾತ್ರ ಶುದ್ಧ ವಿಟಮಿನ್ ಸಿ ಒಳಗೆ ಇಳಿಯುತ್ತದೆ, ಶೇ 20 ಮೀರಿದರೆ ಲಾಭವಿಲ್ಲ, ಒಳಗೆ ಸೇರಿದ ಮೇಲೆ ಅರ್ಧದಷ್ಟು ಕರಗಲು ಸುಮಾರು ನಾಲ್ಕು ದಿನ ಬೇಕು ಎಂದು ಅವರು ಕಂಡರು. ಅದೇ ಪ್ರಯೋಗದಲ್ಲಿ ಅವರು ಕೆಡದಂತೆ ಮಾರ್ಪಡಿಸಿದ ಎರಡು ರೂಪಗಳನ್ನೂ ಹಚ್ಚಿ ನೋಡಿದ್ದರು: ಮೆಗ್ನೀಷಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಮತ್ತು ಆಸ್ಕಾರ್ಬಿಲ್ ಪಾಲ್ಮಿಟೇಟ್. ಅವೆರಡೂ ಚರ್ಮದ ವಿಟಮಿನ್ ಸಿ ಮಟ್ಟವನ್ನು ಏರಿಸಲಿಲ್ಲ. ಆಸ್ಕಾರ್ಬಿಲ್ ಗ್ಲೂಕೋಸೈಡ್ ಆ ಪರೀಕ್ಷೆಯಲ್ಲಿ ಇರಲಿಲ್ಲ. ಆದರೂ ಬಾಟಲಿಯಲ್ಲಿ ಗಟ್ಟಿಯಾಗಿ ಉಳಿದದ್ದೆಲ್ಲ ಚರ್ಮದಲ್ಲಿ ಕೆಲಸಕ್ಕೆ ಬರುತ್ತದೆ ಎಂದುಕೊಳ್ಳುವ ಹಾಗಿಲ್ಲ ಎಂಬ ಎಚ್ಚರ ಅಲ್ಲಿಂದಲೇ ಶುರು.

ಮತ್ತೆ ಒಕಾಯಾಮಕ್ಕೆ. ಅಲ್ಲಿನ ವಿಶ್ವವಿದ್ಯಾಲಯದ ಔಷಧ ವಿಜ್ಞಾನಿ ಇತಾರು ಯಮಾಮೊತೊ ಮತ್ತು ಸಂಗಡಿಗರು ವಿಟಮಿನ್ ಸಿಯ ಎರಡನೇ ಕಾರ್ಬನ್ನಿನ ಬಳಿ ಒಂದು ಗ್ಲೂಕೋಸ್ ಅಣುವನ್ನು ಕಾವಲಿಗೆ ನಿಲ್ಲಿಸುವ ಉಪಾಯ ಕಂಡುಕೊಂಡರು. 1990ರ ಸುಮಾರಿಗೆ ಪ್ರಕಟವಾದ ಅವರ ಕೆಲಸದಲ್ಲಿ ಈ ಜೋಡಣೆ ಮಾಡಿದ ಕಿಣ್ವಗಳಲ್ಲಿ ಒಂದು ಬಂದದ್ದು ಭತ್ತದ ಬೀಜದಿಂದ. ಪ್ರಯೋಗಾಲಯದ ಈ ತಿಳಿವಳಿಕೆಯನ್ನು ಟನ್‌ಗಟ್ಟಲೆ ಉತ್ಪಾದನೆಗೆ ಒಯ್ಯಲು ಪಿಷ್ಟದ ಕಿಣ್ವ ಬಲ್ಲವರೇ ಬೇಕಿತ್ತು. ಹಯಾಶಿಬಾರ ಅದೇ ಊರಿನಲ್ಲಿತ್ತು. ಪಿಷ್ಟವನ್ನು ಸಣ್ಣ ಸರಪಳಿಗಳಾಗಿ ಒಡೆದು, ವಿಟಮಿನ್ ಸಿಯ ಜೊತೆ ಬೆರೆಸಿ, ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವವೊಂದನ್ನು ಸೇರಿಸುತ್ತಾರೆ. ಆ ಕಿಣ್ವ ಗ್ಲೂಕೋಸ್ ಸರಪಳಿಯನ್ನು ಪಿಷ್ಟದಿಂದ ಕಳಚಿ ವಿಟಮಿನ್ನಿಗೆ ಕಟ್ಟುತ್ತದೆ. ಕೆಲವು ಅಣುಗಳಿಗೆ ಎರಡು, ಮೂರು, ನಾಲ್ಕು ಗ್ಲೂಕೋಸ್ ಅಂಟಿರುತ್ತವೆ. ಇನ್ನೊಂದು ಕಿಣ್ವ ಬಂದು ಹೆಚ್ಚುವರಿ ಕೊಂಡಿಗಳನ್ನು ಸವರಿ ಒಂದನ್ನಷ್ಟೇ ಉಳಿಸುತ್ತದೆ. ಆಮೇಲೆ ಸೋಸಿ, ಬೇರ್ಪಡಿಸಿ, ಹರಳುಗಟ್ಟಿಸಿದರೆ ಬಿಳಿ ಪುಡಿ ಸಿದ್ಧ. ರಾಸಾಯನಿಕ ದಾರಿಯಲ್ಲಿ ಹೋದರೆ ನಾಲ್ಕು ಹೈಡ್ರಾಕ್ಸಿಲ್‌ಗಳಲ್ಲಿ ಯಾವುದಕ್ಕೆ ಗ್ಲೂಕೋಸ್ ಅಂಟಬೇಕೆಂದು ನಿಯಂತ್ರಿಸಲು ಹೆಣಗಬೇಕು. ಕಿಣ್ವ ಬೇಕಾದ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಈ ಕೆಲಸದ ಅಚ್ಚುಕಟ್ಟು ನನಗೆ ಜಾಹೀರಾತಿನ ಯಾವ ಹೊಳಪಿಗಿಂತಲೂ ಸುಂದರವಾಗಿ ಕಾಣುತ್ತದೆ.

ಹೀಗೆ ಕಾವಲು ಕಟ್ಟಿದ ಅಣುವನ್ನು ನೀರಿನಲ್ಲಿ ಕರಗಿಸಿಟ್ಟರೆ ಗಾಳಿಗೆ ಹೆದರಬೇಕಿಲ್ಲ. ತೀರಾ ಆಮ್ಲೀಯ ದ್ರಾವಣವೂ ಬೇಡ. ಚರ್ಮದ ಸಹಜ ಪಿಎಚ್‌ಗೆ ಹತ್ತಿರದಲ್ಲೇ ಕ್ರೀಂ, ಲೋಷನ್ ಮಾಡಬಹುದು. ಉರಿ, ಚುರುಗುಟ್ಟುವಿಕೆ ಕಡಿಮೆ. ಆದರೆ ಕಾವಲು ಇರುವವರೆಗೆ ಅದು ವಿಟಮಿನ್ ಸಿಯ ಕೆಲಸ ಮಾಡುವುದಿಲ್ಲ. ಚರ್ಮದ ಜೀವಕೋಶಗಳಲ್ಲಿರುವ ಆಲ್ಫಾ-ಗ್ಲೂಕೋಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಕಳಚಬೇಕು. ಆಗಲೇ ಒಳಗಿನ ವಿಟಮಿನ್ ಹೊರಬರುವುದು. ಯಮಾಮೊತೊ ತಂಡ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಚರ್ಮದ ಕೋಶಗಳು ಈ ರೂಪವನ್ನು ಬಳಸಿಕೊಂಡು ಹೆಚ್ಚು ಕೊಲಾಜೆನ್ ತಯಾರಿಸಿದವು.

ತಟ್ಟೆಯ ಕೋಶಕ್ಕೂ ಮುಖದ ಚರ್ಮಕ್ಕೂ ನಡುವೆ ಒಂದು ಗೋಡೆ ಇದೆ. ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳು ಮತ್ತು ಕೊಬ್ಬಿನಿಂದ ಆದದ್ದು. ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುಗಳನ್ನು ಅದು ಒಳಗೆ ಬಿಡಲು ಒಪ್ಪುವುದಿಲ್ಲ. ಗ್ಲೂಕೋಸ್ ಹೊತ್ತ ಈ ಅಣು ನೀರನ್ನೇ ಪ್ರೀತಿಸುವಂಥದ್ದು. ಆದ್ದರಿಂದ ಒಳಗೆ ಇಳಿಯುವ ಪ್ರಮಾಣ ಕಡಿಮೆ, ವೇಗವೂ ಕಡಿಮೆ. ತೂಕದ ಲೆಕ್ಕವೂ ಇದೆ. ವಿಟಮಿನ್ ಸಿಯ ಅಣುತೂಕ 176, ಗ್ಲೂಕೋಸೈಡಿನದು 338. ಶೇ 2ರ ಗ್ಲೂಕೋಸೈಡ್ ಪೂರ್ತಿ ಬಿಡುಗಡೆಯಾದರೂ ಸಿಗುವುದು ಸುಮಾರು ಶೇ 1ರಷ್ಟು ವಿಟಮಿನ್ ಸಿ. ಪಿನೆಲ್ ಅವರ ಶೇ 15-20ರ ದ್ರಾವಣದ ಜೊತೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮನುಷ್ಯರ ಮೇಲಿನ ಅಧ್ಯಯನಗಳಲ್ಲೂ ಇದನ್ನು ಹೆಚ್ಚಾಗಿ ಬೇರೆ ವಸ್ತುಗಳ ಜೊತೆಗೇ ಪರೀಕ್ಷಿಸಿದ್ದಾರೆ. 2006ರಲ್ಲಿ ಜಪಾನಿನ ಮಹಿಳೆಯರ ಮೇಲೆ ನಡೆದ ಒಂದರಲ್ಲಿ ನಯಾಸಿನಮೈಡ್ ಜೊತೆಗಿತ್ತು, ಮೇಲಿಂದ ಅಲ್ಟ್ರಾಸೌಂಡ್ ಉಪಕರಣವೂ ಇತ್ತು. ಕಲೆ ತಿಳಿಯಾಯಿತು ನಿಜ. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ಅದರ ಸೋದರ ರೂಪವಾದ ಮೆಗ್ನೀಷಿಯಂ ಆಸ್ಕಾರ್ಬಿಲ್ ಫಾಸ್ಫೇಟಿನ ಬಗ್ಗೆ 1996ರಲ್ಲಿ ಬಂದ ವರದಿಯಲ್ಲಿ, ಶೇ 10ರ ಕ್ರೀಂ ಹಚ್ಚಿದ ಬಂಗು ಮತ್ತು ಬಿಸಿಲುಕಲೆಯ 34 ಮಂದಿಯಲ್ಲಿ 19 ಮಂದಿಗೆ ಗುಣ ಕಂಡಿತ್ತು. ಕಲೆಯಿಲ್ಲದ ಚರ್ಮದವರಲ್ಲಿ ಬಣ್ಣ ತಿಳಿಯಾದದ್ದು 25ರಲ್ಲಿ ಮೂವರಿಗೆ ಮಾತ್ರ. ಈ ಎರಡನೆಯ ಅಂಕಿಯನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ತಿಳಿದಿರಬೇಕು. ಇಂಥ ವಸ್ತುಗಳು ಹೆಚ್ಚಾಗಿ ಉತ್ಪತ್ತಿಯಾಗುತ್ತಿರುವ ಮೆಲನಿನ್ನಿಗೆ ಅಡ್ಡ ಬರುತ್ತವೆ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ.

ಜಪಾನಿನಲ್ಲಿ 1994ರಿಂದ ಆಸ್ಕಾರ್ಬಿಲ್ ಗ್ಲೂಕೋಸೈಡ್ ಅರೆ-ಔಷಧ ಎಂಬ ವರ್ಗದಲ್ಲಿ ಒಪ್ಪಿತ ವಸ್ತು. ಅಲ್ಲಿ ಕಂಪನಿ ಹೇಳಿಕೊಳ್ಳಬಹುದಾದ ಮಾತಿಗೂ ಗಡಿ ಇದೆ: ಮೆಲನಿನ್ ಉತ್ಪತ್ತಿ ತಗ್ಗಿಸಿ ಕಲೆ, ನಸುಕಲೆ ಬಾರದಂತೆ ತಡೆಯುತ್ತದೆ ಎಂದಷ್ಟೇ. ಒಪ್ಪಿಗೆ ಸಿಕ್ಕಿತೆಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ ಎಂಬುದಕ್ಕೂ ಜಪಾನೇ ಸಾಕ್ಷಿ. ಅದೇ ವರ್ಗದಲ್ಲಿ ಒಪ್ಪಿಗೆ ಪಡೆದಿದ್ದ ರೋಡೋಡೆಂಡ್ರಾಲ್ ಎಂಬ ವಸ್ತುವಿದ್ದ ಕ್ರೀಂಗಳನ್ನು ಕನೆಬೊ ಕಂಪನಿ 2013ರ ಜುಲೈನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಸಾವಿರಾರು ಮಹಿಳೆಯರ ಮುಖ, ಕೈಗಳಲ್ಲಿ ತೊನ್ನಿನಂಥ ಬಿಳಿ ಮಚ್ಚೆಗಳೆದ್ದಿದ್ದವು. ಆ ವಸ್ತು ಬಣ್ಣದ ಕೋಶಗಳ ಒಳಗೆ ವಿಷವಾಗಿ ಬದಲಾಗಿ ಕೋಶವನ್ನೇ ಕೊಲ್ಲುತ್ತಿತ್ತು. ವಿಟಮಿನ್ ಸಿಯ ದಾರಿ ಬೇರೆ. ಮೆಲನಿನ್ ಆಗಲು ಹೊರಟ ಡೋಪಾಕ್ವಿನೋನ್ ಎಂಬ ಮಧ್ಯಂತರ ವಸ್ತುವನ್ನು ಅದು ಹಿಂದಿನ ಹಂತಕ್ಕೆ ತಿರುಗಿಸುತ್ತದೆ. ಕೋಶಕ್ಕೆ ಕೈ ಹಾಕುವುದಿಲ್ಲ.

ನಮ್ಮ ಕಡೆ ಈ ಸೌಮ್ಯತೆಗೆ ಬೆಲೆ ಕೊಡಬೇಕು. ಕಂದು ಚರ್ಮಕ್ಕೆ ಒಂದು ಕಷ್ಟವಿದೆ: ಉರಿ, ಗಾಯ, ಮೊಡವೆ ಯಾವುದೇ ಬಂದು ಹೋದರೂ ಜಾಗ ಕಪ್ಪಾಗಿ ಉಳಿಯುತ್ತದೆ. ತೀಕ್ಷ್ಣ ಆಮ್ಲದ ಸೀರಂನಿಂದ ಚರ್ಮ ಉರಿದರೆ ಕಲೆ ತೆಗೆಯಲು ಹೋಗಿ ಹೊಸ ಕಲೆ ತಂದುಕೊಂಡಂತೆ. ನಿಂಬೆಹೋಳು ಉಜ್ಜುವುದು ಅದಕ್ಕಿಂತ ಕೆಟ್ಟದ್ದು. ಅದರ ರಸ ತೀರಾ ಹುಳಿ, ಸಿಪ್ಪೆಯ ಎಣ್ಣೆಯಲ್ಲಿರುವ ಸೋರಾಲೆನ್‌ಗಳು ಬಿಸಿಲು ಕಂಡರೆ ಚರ್ಮವನ್ನು ಸುಡುತ್ತವೆ. ಬಸಿರಿನಲ್ಲಿ ಕೆನ್ನೆಯ ಮೇಲೆ ಬಂಗು ಬಂದ ಎಷ್ಟೋ ಹೆಂಗಸರು ಪಕ್ಕದ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಒಂದು ಟ್ಯೂಬ್ ತಂದು ವರ್ಷಗಟ್ಟಲೆ ಹಚ್ಚುತ್ತಾರೆ. ಅದರಲ್ಲಿ ಸ್ಟಿರಾಯ್ಡ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿರುತ್ತವೆ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಬಳಸಬೇಕಾದ ಮದ್ದು ಅದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ನರಗಳೆದ್ದು, ಬಿಟ್ಟ ದಿನ ಉರಿ ಹತ್ತುತ್ತದೆ. ಚರ್ಮವೈದ್ಯರ ಸಂಘ ವರ್ಷಗಳಿಂದ ಇದರ ವಿರುದ್ಧ ಕೂಗುತ್ತಿದೆ. ಆ ಟ್ಯೂಬಿನ ಎದುರು ನಿಧಾನದ ಈ ಗ್ಲೂಕೋಸೈಡನ್ನು ಇಟ್ಟರೆ ನನ್ನ ಮತ ಯಾವ ಕಡೆಗೆಂದು ಹೇಳಬೇಕಿಲ್ಲ.

ಬಾಟಲಿ ಕೊಳ್ಳುವಾಗ ಮುಂಭಾಗದ ದೊಡ್ಡಕ್ಷರ ಬಿಟ್ಟು ಹಿಂಭಾಗದ ಪಟ್ಟಿ ಓದಿ. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮ ನಮ್ಮಲ್ಲೂ ಇದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಆದ್ದರಿಂದ ಆಸ್ಕಾರ್ಬಿಲ್ ಗ್ಲೂಕೋಸೈಡ್ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಕುಳಿತಿದ್ದರೆ ಇರುವುದು ಶೇ 1 ಅಥವಾ ಅದಕ್ಕೂ ಕಡಿಮೆ ಎಂದು ತಿಳಿಯಿರಿ. ‘ಶೇ 10 ವಿಟಮಿನ್ ಸಿ’ ಎಂದು ಮುಂದೆ ಬರೆದಿದ್ದರೆ ಅದು ಶುದ್ಧ ಆಸ್ಕಾರ್ಬಿಕ್ ಆಮ್ಲವೋ, ಗ್ಲೂಕೋಸೈಡೋ, ಈಥೈಲ್ ಆಸ್ಕಾರ್ಬಿಕ್ ಆಮ್ಲವೋ ಎಂದು ಹಿಂದೆ ನೋಡಿ. ಮೂರೂ ಬೇರೆ ಬೇರೆ ವಸ್ತುಗಳು, ಮೂರಕ್ಕೂ ಒಂದೇ ಬೆಲೆ ಕೊಡಬೇಕಿಲ್ಲ.

ಚರ್ಮ ತಾಳುವುದಾದರೆ, ಬಾಟಲಿಯನ್ನು ತಂಪಾದ ಕತ್ತಲ ಜಾಗದಲ್ಲಿಟ್ಟು ಬೇಗ ಮುಗಿಸುವ ಶಿಸ್ತಿದ್ದರೆ, ಶುದ್ಧ ವಿಟಮಿನ್ ಸಿಗೆ ಇರುವ ಸಾಕ್ಷ್ಯ ಇಂದಿಗೂ ಹೆಚ್ಚು ಗಟ್ಟಿ. ಸೂಕ್ಷ್ಮ ಚರ್ಮದವರಿಗೆ, ಸೆಕೆಯ ಊರಿನವರಿಗೆ, ಉರಿ ಬಂದರೆ ಕಪ್ಪಾಗುವವರಿಗೆ ಗ್ಲೂಕೋಸೈಡ್ ಒಳ್ಳೆಯ ಆಯ್ಕೆ, ತಿಂಗಳುಗಳ ತಾಳ್ಮೆ ಇರಬೇಕು ಅಷ್ಟೆ. ಎರಡರಲ್ಲಿ ಯಾವುದನ್ನೇ ಹಚ್ಚಿದರೂ ಹಗಲಲ್ಲಿ ಸನ್‌ಸ್ಕ್ರೀನ್ ಇಲ್ಲದಿದ್ದರೆ ಬಂಗು ಮರಳುತ್ತದೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಕಾಗುವುದಾದರೆ ಮೊದಲು ಸನ್‌ಸ್ಕ್ರೀನ್ ಕೊಳ್ಳಿ. ಮೂರು ತಿಂಗಳಲ್ಲೂ ಕಲೆ ಕದಲದಿದ್ದರೆ ಮತ್ತೊಂದು ಬಾಟಲಿ ಹುಡುಕದೆ ಚರ್ಮವೈದ್ಯರನ್ನು ಕಾಣಿ.