ದಂಡಿನ ಬಟವಾಡೆ ಲೆಕ್ಕ: ಜನಾಂಗೀಯ ವೇತನ ತಾರತಮ್ಯವನ್ನು ಅಳೆಯುವ ಬಗೆ

ವಸಾಹತು ಕಾಲದಲ್ಲಿ ಯುರೋಪಿಯನ್ನರ ಸಂಬಳಕ್ಕೂ ಭಾರತೀಯರ ಸಂಬಳಕ್ಕೂ ಇದ್ದ ಅಂತರವೆಷ್ಟು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯಲ್ಲಿ ಉತ್ತರ ಹೇಳಿಬಿಡಬಹುದೆಂದು ತೋರಿದರೂ, ಆ ಸಂಖ್ಯೆ ಯಾವ ದಾಖಲೆಯಿಂದ ಬಂತು, ಅದನ್ನು ಬರೆದವರು ಯಾರು, ಯಾವ ಕೆಲಸಕ್ಕಾಗಿ ಬರೆದರು ಎಂಬುದನ್ನು ವಿಚಾರಿಸದೆ ಅದನ್ನು ನಂಬುವಂತಿಲ್ಲ. ಇಂಥ ವಿಚಾರಣೆಗೆ ಬೆಂಗಳೂರಿನ ದಂಡು ಪ್ರದೇಶ ತಕ್ಕ ನೆಲ. 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ಈ ದಂಡು, 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ ಮೇಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿದು, 1947ರ ಜುಲೈಯಲ್ಲಿ ಮೈಸೂರಿಗೆ ಸೇರಿತು. ಬ್ರಿಟಿಷ್ ಸೈನಿಕರು, ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಪಡೆಯ ಸಿಪಾಯಿಗಳು, ಯುರೇಷಿಯನ್ ಗುಮಾಸ್ತರು, ಇಂದಿನ ಶಿವಾಜಿನಗರವಾದ ಬ್ಲ್ಯಾಕ್‌ಪಲ್ಲಿಯ ಕೂಲಿಗಳು ಮತ್ತು ಕಸುಬುದಾರರು ಎಲ್ಲರೂ ನಡೆದು ತಲುಪಬಹುದಾದಷ್ಟು ಹತ್ತಿರದಲ್ಲಿ, ಒಂದೇ ಮಾರುಕಟ್ಟೆಯ ಬೆಲೆಗಳ ನಡುವೆ ಬದುಕುತ್ತಿದ್ದರು.

ಸೈನ್ಯದ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ಲೇಸು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪದಾತಿ ಸೈನಿಕನ ಮೂಲ ವೇತನ ದಿನಕ್ಕೆ 1 ಶಿಲಿಂಗ್. ಭಾರತೀಯ ಸಿಪಾಯಿಯದು ತಿಂಗಳಿಗೆ 7 ರೂಪಾಯಿ, 1895ರಲ್ಲಿ ಅದು 9 ರೂಪಾಯಿಗೆ ಏರಿತು. ಇವೆರಡನ್ನೂ ಹೋಲಿಸಬೇಕಾದರೆ ಶಿಲಿಂಗನ್ನು ರೂಪಾಯಿಗೆ ತಿರುಗಿಸಬೇಕು, ಮೊದಲ ತೊಡಕು ಹುಟ್ಟುವುದು ಅಲ್ಲಿಯೇ. 1870ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಿಮೆ 2 ಶಿಲಿಂಗ್ ಬೆಲೆಯಿತ್ತು. ಯುರೋಪಿನ ದೇಶಗಳು ಬೆಳ್ಳಿಯ ನಾಣ್ಯಪದ್ಧತಿಯನ್ನು ಬಿಟ್ಟು ಚಿನ್ನಕ್ಕೆ ಬದಲಾಗಿ ಬೆಳ್ಳಿಯ ಬೆಲೆ ಕುಸಿದಂತೆ, ಬೆಳ್ಳಿಯದೇ ಆದ ರೂಪಾಯಿಯೂ ಕುಸಿದು, ಶತಮಾನದ ಕೊನೆಗೆ 1 ಶಿಲಿಂಗ್ 4 ಪೆನ್ಸ್‌ಗೆ ನಿಂತಿತು. ಹಳೆಯ ದರದಲ್ಲಿ ಬ್ರಿಟಿಷ್ ಸೈನಿಕನ ತಿಂಗಳ ವೇತನ 15 ರೂಪಾಯಿಯಾದರೆ ಹೊಸ ದರದಲ್ಲಿ ಇಪ್ಪತ್ತೆರಡೂವರೆ ರೂಪಾಯಿಯಾಗುತ್ತದೆ. ಸಿಪಾಯಿಗೆ 2 ರೂಪಾಯಿ ಹೆಚ್ಚಿಸಿದ ಮೇಲೂ ಇಬ್ಬರ ನಡುವಿನ ಅಂತರ ಎರಡು ಪಟ್ಟಿನಿಂದ ಎರಡೂವರೆ ಪಟ್ಟಿಗೆ ಬೆಳೆಯಿತೆಂದು ಒಂದು ಲೆಕ್ಕ ಹೇಳುತ್ತದೆ. ಹಳೆಯ ದರವನ್ನೇ ಹಿಡಿದು ಕೂತ ಸಂಶೋಧಕನ ಲೆಕ್ಕದಲ್ಲಿ ಅದೇ ಅಂತರ 1.7 ಪಟ್ಟಿಗೆ ಇಳಿದಂತೆ ಕಾಣುತ್ತದೆ. ದಾಖಲೆ ಒಂದೇ ಇದ್ದರೂ ತೀರ್ಮಾನಗಳು ತದ್ವಿರುದ್ಧವಾಗುತ್ತವೆ. ಆದ್ದರಿಂದ ಯಾವ ವರ್ಷ ಯಾವ ದರದಲ್ಲಿ ಹಣ ನಿಜವಾಗಿ ಕೈಗೆ ಬಟವಾಡೆಯಾಯಿತು ಎಂಬುದನ್ನು ಪತ್ತೆಮಾಡದ ಹೋಲಿಕೆಗೆ ಬೆಲೆಯಿಲ್ಲ.

ನಗದಿನ ಮೊತ್ತವನ್ನು ನಾಮಮಾತ್ರ ವೇತನವೆಂದೂ, ಆ ಹಣದಿಂದ ಕೊಳ್ಳಬಹುದಾದ ಅಕ್ಕಿ, ರಾಗಿ, ಬಟ್ಟೆ, ಸೌದೆಗಳ ಪ್ರಮಾಣವನ್ನು ನೈಜ ವೇತನವೆಂದೂ ಅರ್ಥಶಾಸ್ತ್ರ ಬೇರ್ಪಡಿಸುತ್ತದೆ. ಬ್ರಿಟಿಷ್ ಸೈನಿಕನಿಗೆ ಸರ್ಕಾರವೇ ಕಟ್ಟಿಸಿದ ಬ್ಯಾರಕ್ಕೂ ಪಡಿಯೂ ದೊರೆಯುತ್ತಿದ್ದರೆ, ಸಿಪಾಯಿ ಶಾಂತಿಕಾಲದಲ್ಲಿ ತನ್ನ ಊಟದ ಖರ್ಚನ್ನು ಅದೇ 7 ಅಥವಾ 9 ರೂಪಾಯಿಗಳಲ್ಲಿ ತೂಗಿಸಬೇಕಾಗಿತ್ತು. ಸಿಪಾಯಿಗೂ ಉಚಿತ ಪಡಿ ಬಂದದ್ದು ಮೊದಲ ಮಹಾಯುದ್ಧದ ನಡುವೆ. ಅಂದರೆ ನಗದಿನ ಅಂತರ ನಿಜವಾದ ಅಂತರಕ್ಕಿಂತ ಚಿಕ್ಕದು.

ಇನ್ನೂ ದೊಡ್ಡ ಪ್ರಶ್ನೆ ಹುದ್ದೆಯದು. 1896ರಲ್ಲಿ ನಾಲ್ಕನೆಯ ಹಸ್ಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಈ ದಂಡಿಗೆ ಬಂದ ವಿನ್ಸ್‌ಟನ್ ಚರ್ಚಿಲ್, 1930ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನ ವೇತನ ದಿನಕ್ಕೆ 14 ಶಿಲಿಂಗ್ ಇತ್ತೆಂದು ದಾಖಲಿಸಿದ್ದಾನೆ. ಮೂರು ದಶಕಗಳ ನಂತರ ಒಬ್ಬನೇ ವ್ಯಕ್ತಿ ಬರೆದದ್ದಾದ್ದರಿಂದ ಅದನ್ನು ಎಲ್ಲ ಅಧಿಕಾರಿಗಳಿಗೂ ಅನ್ವಯಿಸುವಂತಿಲ್ಲವಾದರೂ ಉದಾಹರಣೆಗೆ ಅಡ್ಡಿಯಿಲ್ಲ. ಶತಮಾನದ ಕೊನೆಯ ದರದಲ್ಲಿ ಅದು ತಿಂಗಳಿಗೆ 315 ರೂಪಾಯಿ, ಸಿಪಾಯಿಯ 9 ರೂಪಾಯಿಗಳ 35 ಪಟ್ಟು. ಈ ಅಂತರವನ್ನು ಬಿಡಿಸಿ ನೋಡಿದರೆ, ಅಧಿಕಾರಿಗೂ ಬ್ರಿಟಿಷ್ ಸೈನಿಕನಿಗೂ ನಡುವಿನದು 14 ಪಟ್ಟು, ಬ್ರಿಟಿಷ್ ಸೈನಿಕನಿಗೂ ಸಿಪಾಯಿಗೂ ನಡುವಿನದು ಎರಡೂವರೆ ಪಟ್ಟು. ಹಾಗಾದರೆ 14 ಪಟ್ಟು ದರ್ಜೆಯ ಫಲ, ಎರಡೂವರೆ ಪಟ್ಟು ಮಾತ್ರ ಜನಾಂಗದ ಫಲ ಎನ್ನಬಹುದೇ?

ಇಂದಿನ ಅರ್ಥಶಾಸ್ತ್ರಜ್ಞರು ಬಳಸುವ ಒಂದು ಪ್ರಸಿದ್ಧ ವಿಧಾನ ಇದೇ ಬಗೆಯ ವಿಂಗಡಣೆಯನ್ನು ಮಾಡುತ್ತದೆ. 1973ರಲ್ಲಿ ಅಲನ್ ಬ್ಲೈಂಡರ್ ಮತ್ತು ರೊನಾಲ್ಡ್ ಒಹಾಕ ಎಂಬವರು ಬೇರೆಬೇರೆಯಾಗಿ ಮಂಡಿಸಿದ ಈ ವಿಧಾನದಲ್ಲಿ, ಎರಡು ಗುಂಪುಗಳ ವೇತನದ ಅಂತರದಿಂದ ಶಿಕ್ಷಣ, ಅನುಭವ, ಉದ್ಯೋಗಗಳಂಥ ಕಾರಣಗಳು ವಿವರಿಸಬಲ್ಲ ಪಾಲನ್ನು ತೆಗೆದು, ವಿವರಣೆ ಸಿಗದೆ ಉಳಿದ ಪಾಲನ್ನು ತಾರತಮ್ಯದ ಸೂಚನೆಯಾಗಿ ಪರಿಗಣಿಸುತ್ತಾರೆ. ಉಪಯುಕ್ತವಾದ ವಿಧಾನವೇ ಆದರೂ, ಹುದ್ದೆಯ ಬಾಗಿಲನ್ನೇ ಜನಾಂಗ ನೋಡಿ ಮುಚ್ಚಿದ್ದ ಸಮಾಜದಲ್ಲಿ ಅದನ್ನು ಕಣ್ಣುಮುಚ್ಚಿ ಬಳಸಿದರೆ ಅನ್ಯಾಯದ ದೊಡ್ಡ ಭಾಗವೇ "ವಿವರಿಸಲಾದ" ಖಾತೆಗೆ ಜಮೆಯಾಗಿಬಿಡುತ್ತದೆ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳವರೆಗೂ ಬ್ರಿಟಿಷ್ ಅಧಿಕಾರಿಗಳಿಗೆ ಸಮನಾದ ಕಮಿಷನ್ ಭಾರತೀಯರಿಗೆ ತೆರೆದಿರಲಿಲ್ಲ. ಜೀವಮಾನವಿಡೀ ದುಡಿದು ಸುಬೇದಾರ್ ಮೇಜರ್ ಆದವನೂ ನಿನ್ನೆ ಮೊನ್ನೆ ಹಡಗಿನಿಂದಿಳಿದ ಬ್ರಿಟಿಷ್ ತರುಣ ಅಧಿಕಾರಿಗೆ ಅಧೀನನಾಗಿದ್ದನು. ಹೀಗಿರುವಾಗ ಆ 14 ಪಟ್ಟನ್ನು ಬರಿಯ ದರ್ಜೆಯ ಫಲವೆಂದು ಬದಿಗಿಡುವುದು ತಪ್ಪು ಲೆಕ್ಕ.

ಭತ್ಯೆಗಳು ಇನ್ನೊಂದು ಮರೆ. ರೂಪಾಯಿ ಕುಸಿದಾಗ ಸ್ವದೇಶಕ್ಕೆ ಹಣ ಕಳಿಸುವ ಯುರೋಪಿಯನ್ ನೌಕರರಿಗೆ ನಷ್ಟವಾಗುತ್ತದೆಂಬ ಕಾರಣಕ್ಕೆ ಸರ್ಕಾರ 1893ರಲ್ಲಿ ವಿನಿಮಯ ಪರಿಹಾರ ಭತ್ಯೆಯನ್ನು ಜಾರಿಗೆ ತಂದಿತು. ಅವರ ನಷ್ಟ ಸುಳ್ಳಾಗಿರಲಿಲ್ಲ. ಆದರೆ ವೇತನಶ್ರೇಣಿಯನ್ನು ಮಾತ್ರ ಓದುವವರಿಗೆ ಒಂದೇ ಹುದ್ದೆಯ ಇಬ್ಬರು ಸಮಾನರಾಗಿ ಕಾಣುತ್ತಾರೆ. ಭತ್ಯೆಯ ಕಾಲಮ್ಮನ್ನು ಕೂಡಿಸಿದಾಗಲೇ ವ್ಯತ್ಯಾಸ ತಿಳಿಯುತ್ತದೆ.

ಗುಂಪುಗಳ ಗಡಿಯೂ ಸ್ಥಿರವಾಗಿರಲಿಲ್ಲ. ಮಿಶ್ರ ಸಂತತಿಯವರನ್ನು ಯುರೇಷಿಯನ್ನರೆಂದು ಎಣಿಸುತ್ತಿದ್ದ ಜನಗಣತಿ 1911ರಿಂದ ಅವರನ್ನು ಆಂಗ್ಲೋ ಇಂಡಿಯನ್ನರೆಂದು ನಮೂದಿಸತೊಡಗಿತು. ಅವರಲ್ಲಿ ಕೆಲವರು ಯುರೋಪಿಯನ್ನರೆಂದೂ, ಕೆಲವು ಭಾರತೀಯ ಕ್ರೈಸ್ತರು ಆಂಗ್ಲೋ ಇಂಡಿಯನ್ನರೆಂದೂ ಬರೆಸಿಕೊಳ್ಳುತ್ತಿದ್ದರೆಂಬುದು ಗಣತಿ ಅಧಿಕಾರಿಗಳಿಗೇ ಗೊತ್ತಿತ್ತು. ಈ ಸಮುದಾಯದವರೆಲ್ಲ ರೈಲ್ವೆ ಮತ್ತು ತಂತಿ ಇಲಾಖೆಗಳ ಸಂಬಳದಲ್ಲಿ ಸುಖವಾಗಿದ್ದರೆಂಬ ಭಾವನೆಯೂ ಸರಿಯಲ್ಲ: ನೌಕರಿ ಸಿಗದ ತನ್ನವರು ಬೇಸಾಯದಿಂದ ಬದುಕಲೆಂದೇ ಈ ಸಮುದಾಯದ ಮುಖಂಡ ಡಿ.ಎಸ್. ವೈಟ್ 1882ರಲ್ಲಿ ಕೆ.ಆರ್. ಪುರದ ಆಚೆ ವೈಟ್‌ಫೀಲ್ಡ್ ವಸತಿಯನ್ನು ಕಟ್ಟಲು ಹೊರಟನು. ಸರಾಸರಿ ವೇತನವೆಂಬುದು ನೌಕರಿ ಇದ್ದವರ ಸರಾಸರಿಯಷ್ಟೇ.

ವೈಟ್‌ಫೀಲ್ಡ್ ಮೂಲಕ ಹಾಯುವ ರೈಲುದಾರಿಯಲ್ಲಿ ಮುಂದೆ ಸಿಗುವ ಬಂಗಾರಪೇಟೆಯಿಂದ ಕವಲೊಡೆದು ತಲುಪುವ ಕೋಲಾರದ ಚಿನ್ನದ ಗಣಿಗಳಲ್ಲಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಭಾರತೀಯರು ಎಂಬ ಮೂರು ಮೆಟ್ಟಿಲುಗಳಿದ್ದವು. ಅಲ್ಲಿನ ಬಹಳಷ್ಟು ಕಾರ್ಮಿಕರನ್ನು ಕರೆತಂದವರು ಗುತ್ತಿಗೆದಾರರಾದ್ದರಿಂದ, ಕಂಪನಿ ತೆತ್ತ ಹಣವೆಲ್ಲ ಕಾರ್ಮಿಕನ ಕೈ ಸೇರಿತೆಂದು ಭಾವಿಸುವಂತಿಲ್ಲ. ಮುಂಗಡದ ಸಾಲವೂ ಗುತ್ತಿಗೆದಾರನ ಪಾಲೂ ಕಳೆದು ಉಳಿದದ್ದೇ ಅವನ ಕೂಲಿ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಲೆಕ್ಕಗಳನ್ನು ಬೆಲೆಯೇರಿಕೆ ಕಳೆದು ಪರಿಶೀಲಿಸಿದ ಫ್ರಾನ್ಸಿಸ್ ವಿಲ್ಸನ್, 1972ರ ತನ್ನ ಗ್ರಂಥದಲ್ಲಿ ಕಪ್ಪು ಗಣಿ ಕಾರ್ಮಿಕರ ನೈಜ ನಗದು ವೇತನ 1969ರಲ್ಲಿ 1911ಕ್ಕಿಂತ ಹೆಚ್ಚಿರಲಿಲ್ಲವೆಂದು ತೋರಿಸಿದನು. ಕೋಲಾರಕ್ಕೆ ಅಷ್ಟು ದೀರ್ಘವಾದ ಲೆಕ್ಕ ಕಟ್ಟಬೇಕಾದರೆ ಕಂಪನಿಯ ಪುಸ್ತಕದ ಜೊತೆಗೆ ಗುತ್ತಿಗೆದಾರನ ಚೀಟಿಯೂ ಬೇಕಾಗುತ್ತದೆ.

ದಂಡಿನ ಬಂಗಲೆಗಳಲ್ಲಿ ದುಡಿದ ಆಯಾ, ಅಡುಗೆಯವರು, ಅಗಸರು, ಕುದುರೆಯಾಳುಗಳ ವಿಷಯವಂತೂ ಇನ್ನೂ ಕಷ್ಟದ್ದು. ಭಾರತ ಸರ್ಕಾರದ ಬೆಲೆ ಮತ್ತು ಕೂಲಿಯ ವಾರ್ಷಿಕ ಪಟ್ಟಿಗಳು ಕೃಷಿ ಕೂಲಿ, ಕುದುರೆಯಾಳು, ಗಾರೆ ಕೆಲಸದವರು ಮತ್ತು ಬಡಗಿ ಕಮ್ಮಾರರಂಥ ಕೆಲವೇ ಕಸುಬುಗಳನ್ನು ಹಿಡಿದವು. ಮನೆಗೆಲಸದ ಹೆಂಗಸರಿಗೆ ಅಲ್ಲಿ ಸಾಲೇ ಇಲ್ಲ. ಅವರನ್ನು ಹೊರಗಿಟ್ಟು ಕಟ್ಟಿದ ಯಾವ ಅನುಪಾತವನ್ನೂ ತಾರತಮ್ಯದ ಕನಿಷ್ಠ ಅಂದಾಜೆಂದಷ್ಟೇ ಓದಬೇಕು. ಹಲಸೂರು, ಶಿವಾಜಿನಗರ, ಕೆ.ಆರ್. ಪುರಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ತಾತ ಮುತ್ತಜ್ಜಿಯರ ಸಂಬಳದ ಚೀಟಿ, ಪಿಂಚಣಿ ಪುಸ್ತಕ, ಯಜಮಾನರು ಬರೆದುಕೊಟ್ಟ ಶಿಫಾರಸು ಪತ್ರಗಳು ಇದ್ದರೆ, ಅವನ್ನು ರದ್ದಿಗೆ ಹಾಕದೆ ಪತ್ರಾಗಾರಕ್ಕಾಗಲಿ ಇತಿಹಾಸ ಕಲಿಸುವ ಕಾಲೇಜಿಗಾಗಲಿ ಒಂದು ಪ್ರತಿ ತಲುಪಿಸಿರಿ.