ಎಫ್-35 ಯುದ್ಧವಿಮಾನದ ಉತ್ಪಾದನೆ ಮತ್ತು ಹಸ್ತಾಂತರ

ಎಫ್-35 ಲೈಟ್ನಿಂಗ್ 2 ಅಮೆರಿಕ ಸಂಯುಕ್ತ ಸಂಸ್ಥಾನದ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆ ತಯಾರಿಸುವ, ರಡಾರ್‌ನ ಕಣ್ತಪ್ಪಿಸಬಲ್ಲ ಐದನೇ ತಲೆಮಾರಿನ ಏಕ ಎಂಜಿನ್ನಿನ ಯುದ್ಧವಿಮಾನ. ಈ ವರ್ಗದ ವಿಮಾನಗಳ ಪೈಕಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ, ಇಷ್ಟೊಂದು ದೇಶಗಳಿಗೆ ಮಾರಾಟವಾದದ್ದು ಬೇರೊಂದಿಲ್ಲ. ಆದ್ದರಿಂದಲೇ ಈವರೆಗೆ ಎಷ್ಟು ವಿಮಾನಗಳು ತಯಾರಾಗಿವೆ, ಎಷ್ಟು ಹಸ್ತಾಂತರವಾಗಿವೆ, ಯಾವ ದೇಶದಲ್ಲಿ ಎಷ್ಟಿವೆ ಎಂಬ ಲೆಕ್ಕವನ್ನು ಸರ್ಕಾರಗಳೂ ಲೆಕ್ಕಪರಿಶೋಧಕರೂ ವಿಮಾನಾಸಕ್ತರೂ ನಿರಂತರವಾಗಿ ಇಡುತ್ತ ಬಂದಿದ್ದಾರೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿರುವುದಿಲ್ಲ. ತಯಾರಾದ ವಿಮಾನ ಹಸ್ತಾಂತರವಾಗದೆ ಉಳಿದಿರಬಹುದು. ಹಸ್ತಾಂತರವಾದ ವಿಮಾನ ಖರೀದಿಸಿದ ದೇಶವನ್ನು ಹಲವು ವರ್ಷ ತಲುಪದಿರಬಹುದು, ಅಥವಾ ಎಂದಿಗೂ ತಲುಪದೆಯೇ ಹೋಗಬಹುದು.

ಹಿನ್ನೆಲೆ

ಅಮೆರಿಕದ ವಾಯುಪಡೆ, ನೌಕಾಪಡೆ ಮತ್ತು ಮೆರೀನ್ ದಳ ಮೂರಕ್ಕೂ ಒಂದೇ ಮೂಲ ವಿನ್ಯಾಸದ ವಿಮಾನವನ್ನು ಒದಗಿಸುವ ಸಂಯುಕ್ತ ದಾಳಿ ಯುದ್ಧವಿಮಾನ ಯೋಜನೆಯ ಸ್ಪರ್ಧೆಯಲ್ಲಿ ಲಾಕ್‌ಹೀಡ್ ಮಾರ್ಟಿನ್‌ನ ಎಕ್ಸ್-35 ಮಾದರಿಯು ಬೋಯಿಂಗ್‌ನ ಎಕ್ಸ್-32 ಮಾದರಿಯನ್ನು ಹಿಂದಿಕ್ಕಿ 2001ರ ಅಕ್ಟೋಬರ್ 26ರಂದು ಆಯ್ಕೆಯಾಯಿತು. ಎಎ-1 ಎಂಬ ಮೊದಲ ವಿಮಾನ 2006ರ ಡಿಸೆಂಬರ್ 15ರಂದು ಹಾರಿತು. ಎಫ್-35ರಲ್ಲಿ ಮೂರು ಬಗೆಗಳಿವೆ. 'ಎ' ಸಾಮಾನ್ಯ ರನ್‌ವೇಗಳಿಂದ ಹಾರುತ್ತದೆ. 'ಬಿ' ಅಲ್ಪ ದೂರದಲ್ಲಿ ಮೇಲೇರಿ ನೇರವಾಗಿ ಕೆಳಗಿಳಿಯಬಲ್ಲದು. ಅಗಲವಾದ ರೆಕ್ಕೆಗಳುಳ್ಳ 'ಸಿ' ವಿಮಾನವಾಹಕ ನೌಕೆಗಳಿಗೆ ಮೀಸಲು.

ಅಭಿವೃದ್ಧಿಯ ವೆಚ್ಚದಲ್ಲಿ ಪಾಲು ಪಡೆದು ಯೋಜನೆಗೆ ಸೇರಿದ ಬ್ರಿಟನ್, ಇಟಲಿ, ನೆದರ್‌ಲ್ಯಾಂಡ್ಸ್, ಆಸ್ಟ್ರೇಲಿಯ, ಕೆನಡಾ, ಡೆನ್ಮಾರ್ಕ್, ನಾರ್ವೆ ಮತ್ತು ಟರ್ಕಿ ಪಾಲುದಾರ ದೇಶಗಳೆನಿಸಿದವು. ಇಸ್ರೇಲ್, ಜಪಾನ್, ದಕ್ಷಿಣ ಕೊರಿಯ, ಬೆಲ್ಜಿಯಂ, ಪೋಲೆಂಡ್, ಸಿಂಗಾಪುರ, ಫಿನ್ಲೆಂಡ್, ಜರ್ಮನಿ ಮೊದಲಾದವು ಅಮೆರಿಕ ಸರ್ಕಾರದ ಮೂಲಕ ಖರೀದಿಸುವ ಗ್ರಾಹಕ ದೇಶಗಳು. ಪಾಲುದಾರ ದೇಶಗಳ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ತಯಾರಿಸುವ ಕೆಲಸವೂ ದೊರೆಯಿತು. ಹೀಗಾಗಿ ಒಂದು ದೇಶದ ರಾಜಕೀಯ ನಿರ್ಧಾರ ಇನ್ನೊಂದು ದೇಶದ ವಿಮಾನದ ಜೋಡಣೆಯನ್ನೂ ತಟ್ಟುವಂತಾಯಿತು.

ಜೋಡಣೆ

ಅಂತಿಮ ಜೋಡಣೆ ಮೂರು ಕಡೆ ನಡೆಯುತ್ತದೆ. ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿರುವ ಕಾರ್ಖಾನೆ ಇವುಗಳಲ್ಲಿ ಮುಖ್ಯವಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-24 ಬಾಂಬರ್‌ಗಳನ್ನೂ ಅನಂತರ ಎಫ್-111 ಮತ್ತು ಎಫ್-16 ವಿಮಾನಗಳನ್ನೂ ತಯಾರಿಸಿದ ಈ ಕಟ್ಟಡದ ಉದ್ದ 1.6 ಕಿಲೋಮೀಟರ್‌ಗೂ ಹೆಚ್ಚು. ಇಟಲಿಯ ಕಾಮೇರಿ ವಾಯುನೆಲೆಯಲ್ಲಿ ಲಿಯೊನಾರ್ಡೊ ಸಂಸ್ಥೆಯೂ ಜಪಾನಿನ ನಗೋಯಾ ಬಳಿ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಸಂಸ್ಥೆಯೂ ಉಳಿದೆರಡು ಜೋಡಣಾ ಘಟಕಗಳನ್ನು ನಡೆಸುತ್ತಿವೆ.

ವಿಮಾನದ ಒಡಲಿನ ನಡುಭಾಗವನ್ನು ಮುಖ್ಯವಾಗಿ ಕ್ಯಾಲಿಫೋರ್ನಿಯದ ಪಾಮ್‌ಡೇಲ್‌ನಲ್ಲಿ ನಾರ್ತ್‌ರಪ್ ಗ್ರಮ್ಮನ್ ಸಂಸ್ಥೆ, ಹಿಂಭಾಗವನ್ನು ಇಂಗ್ಲೆಂಡಿನ ಸ್ಯಾಮ್ಸ್‌ಬರಿಯಲ್ಲಿ ಬಿಎಇ ಸಿಸ್ಟಮ್ಸ್ ಸಂಸ್ಥೆ, ಎಫ್-135 ಎಂಜಿನ್ನನ್ನು ಪ್ರ್ಯಾಟ್ ಆ್ಯಂಡ್ ವಿಟ್ನಿ ಸಂಸ್ಥೆ ತಯಾರಿಸುತ್ತವೆ. ಭಾಗಗಳು ಕೂಡಿದ ಮೇಲೆ ರಡಾರ್ ತರಂಗಗಳನ್ನು ಹೀರುವ ಲೇಪನದ ಕೆಲಸ ನಡೆಯುತ್ತದೆ. ಅನಂತರ ನೆಲದ ಮೇಲೆ ಎಂಜಿನ್ ಪರೀಕ್ಷೆ, ಕಂಪನಿಯ ಪೈಲಟ್‌ಗಳ ಹಾರಾಟ ಮತ್ತು ಸರ್ಕಾರಿ ಪೈಲಟ್‌ಗಳ ಹಾರಾಟ ನಡೆಯುತ್ತವೆ.

ಎಲ್ಲವೂ ಸರಿಯೆಂದು ಕಂಡುಬಂದಾಗ ಅಮೆರಿಕ ಸರ್ಕಾರದ ಪ್ರತಿನಿಧಿ ಡಿಡಿ-250 ಎಂಬ ಸ್ವೀಕೃತಿ ಪತ್ರಕ್ಕೆ ಸಹಿ ಮಾಡುತ್ತಾರೆ. ವಿಮಾನದ ಒಡೆತನ ಕಂಪನಿಯಿಂದ ಸರ್ಕಾರಕ್ಕೆ ದಾಟುವುದು ಆ ಸಹಿಯಿಂದಲೇ. ವಾರ್ಷಿಕ ಅಂಕಿಅಂಶಗಳಲ್ಲಿ 'ಹಸ್ತಾಂತರ' ಎಂದಾಗ ಲೆಕ್ಕಕ್ಕೆ ಬರುವುದೂ ಈ ಸಹಿಯೇ. ಕಾರ್ಖಾನೆಯಿಂದ ವಿಮಾನ ಹೊರಬರುವ ಅದ್ದೂರಿ ಸಮಾರಂಭಕ್ಕಾಗಲಿ, ಮೊದಲ ಹಾರಾಟಕ್ಕಾಗಲಿ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

ಸಂಖ್ಯೆಗಳ ಗುರುತು

ಪ್ರತಿ ವಿಮಾನಕ್ಕೂ ಎರಡು ಅಕ್ಷರಗಳೂ ಒಂದು ಕ್ರಮಸಂಖ್ಯೆಯೂ ಸೇರಿದ ಕಾರ್ಖಾನೆಯ ಗುರುತು ಇರುತ್ತದೆ. ಮೊದಲ ಅಕ್ಷರ ವಿಮಾನದ ಬಗೆಯನ್ನೂ ಎರಡನೆಯದು ದೇಶವನ್ನೂ ಸೂಚಿಸುತ್ತದೆ. ಎಎಫ್, ಬಿಎಫ್ ಮತ್ತು ಸಿಎಫ್ ಅಮೆರಿಕದ ವಿಮಾನಗಳು, ಬಿಕೆ ಬ್ರಿಟನ್ನಿನದು, ಎಎಲ್ ಮತ್ತು ಬಿಎಲ್ ಇಟಲಿಯವು, ಎಯು ಆಸ್ಟ್ರೇಲಿಯದ್ದು, ಎಎಸ್ ಇಸ್ರೇಲಿನದು, ಎಎಕ್ಸ್ ಜಪಾನಿನದು. ಎಎನ್ ಅಕ್ಷರಗಳು ನೆದರ್‌ಲ್ಯಾಂಡ್ಸ್ ಪಾಲಿಗೆ ಹೋದುದರಿಂದ ನಾರ್ವೆ ಎಎಂ ಗುರುತನ್ನು ಪಡೆಯಿತು.

ಇದರ ಜೊತೆಗೆ ಆಯಾ ವಾಯುಪಡೆ ತನ್ನದೇ ಸಂಖ್ಯೆಯನ್ನು ಬಾಲದ ಮೇಲೆ ಬರೆಯುತ್ತದೆ. ಅಮೆರಿಕದ ವಾಯುಪಡೆಯ ಸಂಖ್ಯೆಯ ಮೊದಲೆರಡು ಅಂಕೆಗಳು ಖರೀದಿಗೆ ಹಣ ಮಂಜೂರಾದ ಆರ್ಥಿಕ ವರ್ಷವನ್ನು ಹೇಳುತ್ತವೆ. ಅದನ್ನು ತಯಾರಿಕೆಯ ವರ್ಷವೆಂದು ಓದುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಹಣ ಮಂಜೂರಾಗಿ ವಿಮಾನ ಹಾರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಕಾರ್ಖಾನೆಗೆ ಹೊಂದಿಕೊಂಡ ರನ್‌ವೇಯ ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಲ್ಲುವ ಹವ್ಯಾಸಿಗಳು ಈ ಎರಡೂ ಬಗೆಯ ಸಂಖ್ಯೆಗಳನ್ನು ತಾಳೆ ಹಾಕಿ ಪಟ್ಟಿಗಳನ್ನು ಸಿದ್ಧಪಡಿಸುತ್ತಾರೆ. ಅವರು ದಾಖಲಿಸುವುದು ಹಾರಾಟವನ್ನು, ಸರ್ಕಾರ ದಾಖಲಿಸುವುದು ಸಹಿಯನ್ನು. ಎರಡು ಪಟ್ಟಿಗಳು ಪರಸ್ಪರ ಹೊಂದದಿದ್ದರೆ ಯಾವುದೋ ಒಂದು ಸುಳ್ಳೆಂದು ತಿಳಿಯಬೇಕಾಗಿಲ್ಲ.

ವಾರ್ಷಿಕ ಹಸ್ತಾಂತರ

ಪರೀಕ್ಷೆಗೆಂದೇ ತಯಾರಿಸಿದ ಮೊದಲ ವಿಮಾನಗಳನ್ನು ಬಿಟ್ಟರೆ, ಉತ್ಪಾದನಾ ಸರಣಿಯ ಹಸ್ತಾಂತರ 2011ರಲ್ಲಿ ಆರಂಭವಾಯಿತು. ಖರೀದಿ ಕಂತುಗಳಲ್ಲಿ ನಡೆಯುತ್ತದೆ. ಮೊದಲ ಕಂತಿನಲ್ಲಿ ಇದ್ದದ್ದು 2 ವಿಮಾನಗಳು ಮಾತ್ರ. 2019ರ ಅಕ್ಟೋಬರ್‌ನಲ್ಲಿ ಒಪ್ಪಂದವಾದ 12ರಿಂದ 14ನೇ ಕಂತುಗಳಲ್ಲಿ 478 ವಿಮಾನಗಳಿದ್ದವು. ಅದರ ಮೊತ್ತ ಸುಮಾರು 34 ಶತಕೋಟಿ ಡಾಲರ್. 14ನೇ ಕಂತಿನಲ್ಲಿ ಒಂದು ಎಫ್-35ಎ ವಿಮಾನದ ಬೆಲೆ 7.79 ಕೋಟಿ ಡಾಲರಿಗೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ 18 ಮತ್ತು 19ನೇ ಕಂತುಗಳ ಗರಿಷ್ಠ 296 ವಿಮಾನಗಳಿಗೆ ಒಪ್ಪಂದವಾಯಿತು.

2016ರಲ್ಲಿ 46, 2017ರಲ್ಲಿ 66, 2018ರಲ್ಲಿ 91, 2019ರಲ್ಲಿ 134 ವಿಮಾನಗಳು ಹಸ್ತಾಂತರವಾದವು. 2020ರಲ್ಲಿ 141ರ ಗುರಿಯಿದ್ದರೂ ಕೋವಿಡ್ ಸಾಂಕ್ರಾಮಿಕದಿಂದ ಬಿಡಿಭಾಗಗಳ ಪೂರೈಕೆ ಕುಂಠಿತಗೊಂಡು ಸಂಖ್ಯೆ 120ಕ್ಕೆ ನಿಂತಿತು. 2021ರಲ್ಲಿ 142, 2022ರಲ್ಲಿ 141.

2022ರ ಅಂಕಿ ಎರಡು ತಡೆಗಳನ್ನು ದಾಟಿ ಬಂದದ್ದು. ಎಂಜಿನ್ನಿಗೆ ಸಂಬಂಧಿಸಿದ ಟರ್ಬೊಯಂತ್ರವೊಂದರ ಅಯಸ್ಕಾಂತದಲ್ಲಿ ಚೀನಾದಲ್ಲಿ ತಯಾರಾದ ಕೋಬಾಲ್ಟ್-ಸಮೇರಿಯಂ ಮಿಶ್ರಲೋಹವಿರುವುದು ಪತ್ತೆಯಾಗಿ ಸೆಪ್ಟೆಂಬರ್‌ನಲ್ಲಿ ಸ್ವೀಕೃತಿಯನ್ನು ನಿಲ್ಲಿಸಲಾಯಿತು. ಹಾರಾಟದ ಸುರಕ್ಷತೆಗೆ ಧಕ್ಕೆಯಿಲ್ಲವೆಂದು ತೀರ್ಮಾನಿಸಿ ಅಕ್ಟೋಬರ್‌ನಲ್ಲಿ ವಿಶೇಷ ವಿನಾಯಿತಿ ನೀಡಿದ ಮೇಲೆ ಸಹಿಗಳು ಮತ್ತೆ ಆರಂಭವಾದವು. ಡಿಸೆಂಬರ್ 15ರಂದು ಫೋರ್ಟ್‌ವರ್ತ್‌ನಲ್ಲಿ ಇನ್ನೂ ಹಸ್ತಾಂತರವಾಗದ ಎಫ್-35ಬಿ ವಿಮಾನವೊಂದು ನೇರವಾಗಿ ಇಳಿಯುವಾಗ ನೆಲಕ್ಕೆ ಪುಟಿದು ಮುಂದಕ್ಕೆ ವಾಲಿತು. ಸರ್ಕಾರಿ ಪೈಲಟ್ ಆಸನ ಸಮೇತ ಹೊರಚಿಮ್ಮಿ ಪಾರಾದರು. ಎಂಜಿನ್ನಿನ ಕಂಪನದ ದೋಷಕ್ಕೆ ಪರಿಹಾರ ದೊರೆಯುವವರೆಗೆ, ಅಂದರೆ ಮುಂದಿನ ಮಾರ್ಚ್‌ವರೆಗೆ, ಹೊಸ ವಿಮಾನಗಳ ಹಸ್ತಾಂತರ ಸ್ಥಗಿತವಾಯಿತು.

ನಿಂತ ವಿಮಾನಗಳು

ತಯಾರಿಕೆ ಮತ್ತು ಹಸ್ತಾಂತರದ ನಡುವಿನ ಅಂತರ ಅತ್ಯಂತ ಹಿಗ್ಗಿದ್ದು 2023–24ರಲ್ಲಿ. ಹೊಸ ಕೇಂದ್ರ ಗಣಕ, ಹೆಚ್ಚಿನ ಸ್ಮರಣಶಕ್ತಿ ಮತ್ತು ಹೊಸ ಪರದೆಯನ್ನೊಳಗೊಂಡ ಟಿಆರ್-3 ಎಂಬ ನವೀಕರಣದೊಂದಿಗೆ ವಿಮಾನಗಳು ಕಾರ್ಖಾನೆಯಿಂದ ಹೊರಬರತೊಡಗಿದವು. ಆದರೆ ಅವುಗಳ ತಂತ್ರಾಂಶ ಪಕ್ವವಾಗಿರಲಿಲ್ಲ. 2023ರ ಜುಲೈನಿಂದ ಒಂದು ವರ್ಷದ ಕಾಲ ಅಮೆರಿಕ ಸರ್ಕಾರ ಈ ವಿಮಾನಗಳನ್ನು ಸ್ವೀಕರಿಸಲಿಲ್ಲ. ಜೋಡಣಾ ಸಾಲು ಮಾತ್ರ ನಿಲ್ಲಲಿಲ್ಲ. ಸಿದ್ಧವಾದ ವಿಮಾನಗಳನ್ನು ಒಂದರ ಹಿಂದೊಂದು ನಿಲ್ಲಿಸಿಡಲಾಯಿತು. ಎಷ್ಟು ನಿಂತಿವೆ ಎಂಬುದನ್ನು ಭದ್ರತೆಯ ಕಾರಣ ನೀಡಿ ಕಂಪನಿ ಬಹಿರಂಗಪಡಿಸಲಿಲ್ಲ. 2023ರ ಹಸ್ತಾಂತರ 98ಕ್ಕೆ ಇಳಿಯಿತು.

ತರಬೇತಿಗಷ್ಟೇ ಸಾಕಾಗುವ, ಕತ್ತರಿಸಿದ ರೂಪದ ತಂತ್ರಾಂಶದೊಂದಿಗೆ 2024ರ ಜುಲೈನಲ್ಲಿ ಸ್ವೀಕೃತಿ ಮರಳಿ ಆರಂಭವಾಯಿತು. ಪೂರ್ಣ ಯುದ್ಧ ಸಾಮರ್ಥ್ಯ ಬರುವ ತನಕ ಪ್ರತಿ ವಿಮಾನಕ್ಕೆ ಸುಮಾರು 50 ಲಕ್ಷ ಡಾಲರ್ ಪಾವತಿಯನ್ನು ಪೆಂಟಗನ್ ತಡೆಹಿಡಿಯಿತು. ಆ ವರ್ಷ 110 ವಿಮಾನಗಳು ಹಸ್ತಾಂತರವಾದವು. ಅವೆಲ್ಲವೂ ತಡವಾಗಿದ್ದವೆಂದೂ ಸರಾಸರಿ ವಿಳಂಬ 238 ದಿನಗಳೆಂದೂ ಹಿಂದಿನ ವರ್ಷ ಅದು 61 ದಿನಗಳಾಗಿತ್ತೆಂದೂ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2025ರ ವರದಿಯಲ್ಲಿ ತಿಳಿಸಿತು.

2025ರಲ್ಲಿ 191 ವಿಮಾನಗಳು ಹಸ್ತಾಂತರವಾದದ್ದು ಈವರೆಗಿನ ದಾಖಲೆ. ಆದರೆ ಇದನ್ನು ಕಾರ್ಖಾನೆಯ ವೇಗವೆಂದು ಭಾವಿಸಲಾಗದು. ವರ್ಷಕ್ಕೆ 156 ವಿಮಾನಗಳೆಂಬುದು ಕಂಪನಿ ಹೇಳುವ ಉತ್ಪಾದನಾ ದರ; ದಾಖಲೆಯಲ್ಲಿ ಉಳಿದ ಪಾಲು ಹಿಂದೆ ತಯಾರಾಗಿ ಸಹಿಗಾಗಿ ಕಾದು ನಿಂತಿದ್ದ ವಿಮಾನಗಳದ್ದು. ಹಾಗೆಯೇ 2023ರ 98ನ್ನು ಕಾರ್ಖಾನೆಯ ಕುಸಿತವೆಂದು ಓದುವುದೂ ಸರಿಯಲ್ಲ.

ಈ ವಿಳಂಬದ ಬಿಸಿ ದೂರದ ದೇಶಗಳಿಗೂ ತಟ್ಟಿತು. ಡೆನ್ಮಾರ್ಕ್ ತನ್ನ ಹಳೆಯ ಎಫ್-16 ವಿಮಾನಗಳಲ್ಲಿ 19ನ್ನು ಉಕ್ರೇನಿಗೆ ಕೊಡುವುದಾಗಿ 2023ರ ಆಗಸ್ಟ್‌ನಲ್ಲಿ ಘೋಷಿಸಿತ್ತು. ಹೊಸ ವಿಮಾನ ಬಾರದೆ ಹಳೆಯದನ್ನು ಬಿಟ್ಟುಕೊಡುವುದು ಕಷ್ಟ. ಕೊನೆಗೆ ಅರಿಜೋನಾದ ಲ್ಯೂಕ್ ವಾಯುನೆಲೆಯಲ್ಲಿ ಪೈಲಟ್‌ಗಳ ತರಬೇತಿಗೆಂದು ಇರಿಸಿದ್ದ ತನ್ನ 6 ಎಫ್-35ಗಳನ್ನೇ ಸ್ವದೇಶಕ್ಕೆ ಕರೆಸಿಕೊಳ್ಳಲು ಆ ದೇಶ ನಿರ್ಧರಿಸಿತು.

ದೇಶಗಳಿಗೆ ತಲುಪಿದ ಬಗೆ

ಬ್ರಿಟನ್ ತನ್ನ ಮೊದಲ ವಿಮಾನ ಬಿಕೆ-1ನ್ನು 2012ರ ಜುಲೈನಲ್ಲಿ ಫೋರ್ಟ್‌ವರ್ತ್‌ನಲ್ಲಿ ಸ್ವೀಕರಿಸಿತು. ಆದರೆ ಮೊದಲ 4 ವಿಮಾನಗಳು ಇಂಗ್ಲೆಂಡಿನ ಮಾರಮ್ ವಾಯುನೆಲೆಗೆ ಬಂದಿಳಿದದ್ದು 2018ರ ಜೂನ್ 6ರಂದು. ಅಷ್ಟು ಕಾಲ ಬ್ರಿಟಿಷ್ ವಿಮಾನಗಳು ಪರೀಕ್ಷೆ ಮತ್ತು ತರಬೇತಿಗಾಗಿ ಅಮೆರಿಕದಲ್ಲೇ ಉಳಿದಿದ್ದವು. ನೆದರ್‌ಲ್ಯಾಂಡ್ಸ್ ದೇಶದ ಮೊದಲ ವಿಮಾನ 2012ರಲ್ಲಿ ಕಾರ್ಖಾನೆಯಿಂದ ಹೊರಬಂದರೂ ಲೇವಾರ್ಡೆನ್ ನೆಲೆಯಲ್ಲಿ ನೆಲೆಗೊಳ್ಳುವ ಮೊದಲ ವಿಮಾನಕ್ಕೆ ಸ್ವಾಗತ ದೊರೆತದ್ದು 2019ರ ಅಕ್ಟೋಬರ್ 31ರಂದು. ಸಂಪ್ರದಾಯದಂತೆ ನೀರು ಚಿಮ್ಮಿಸಬೇಕಾಗಿದ್ದ ಅಗ್ನಿಶಾಮಕ ವಾಹನ ಅಂದು ತಪ್ಪಾಗಿ ಬೆಂಕಿ ಆರಿಸುವ ನೊರೆಯನ್ನು ಸುರಿಸಿತು. ಹೊಚ್ಚ ಹೊಸ ವಿಮಾನ ಸ್ವಾಗತದ ಬೆನ್ನಿಗೇ ಶುಚಿಕಾರ್ಯ ಮತ್ತು ತಪಾಸಣೆಗೆ ಒಳಗಾಗಬೇಕಾಯಿತು.

ಇಸ್ರೇಲಿನಲ್ಲಿ 'ಅದೀರ್' ಎಂದು ಕರೆಯಲಾಗುವ ಮೊದಲ 2 ವಿಮಾನಗಳು 2016ರ ಡಿಸೆಂಬರ್ 12ರಂದು ನೆವಾಟಿಮ್ ನೆಲೆಗೆ ಬಂದವು. ನಾರ್ವೆಯ ಮೊದಲ 3 ವಿಮಾನಗಳು 2017ರ ನವೆಂಬರ್‌ನಲ್ಲಿ ಓರ್ಲಾಂಡ್ ನೆಲೆಯನ್ನು, ಆಸ್ಟ್ರೇಲಿಯದ ಮೊದಲ 2 ವಿಮಾನಗಳು 2018ರ ಡಿಸೆಂಬರ್‌ನಲ್ಲಿ ವಿಲಿಯಮ್‌ಟೌನ್ ನೆಲೆಯನ್ನು, ದಕ್ಷಿಣ ಕೊರಿಯದ ಮೊದಲ 2 ವಿಮಾನಗಳು 2019ರ ಮಾರ್ಚ್‌ನಲ್ಲಿ ಚೊಂಗ್ಜು ನೆಲೆಯನ್ನು ತಲುಪಿದವು. ಆಸ್ಟ್ರೇಲಿಯ ತಾನು ಕೋರಿದ್ದ ಎಲ್ಲ 72 ವಿಮಾನಗಳನ್ನು 2024ರ ಡಿಸೆಂಬರ್‌ನಲ್ಲಿ, ನಾರ್ವೆ ತನ್ನ ಎಲ್ಲ 52 ವಿಮಾನಗಳನ್ನು 2025ರ ಏಪ್ರಿಲ್‌ನಲ್ಲಿ ಪಡೆದು ಮುಗಿಸಿದವು. ಪೋಲೆಂಡಿನ ಮೊದಲ ವಿಮಾನ 2024ರ ಆಗಸ್ಟ್‌ನಲ್ಲಿ ಅನಾವರಣಗೊಂಡರೂ ತರಬೇತಿಗಾಗಿ ಅಮೆರಿಕದಲ್ಲೇ ಉಳಿಯಿತು. ಬೆಲ್ಜಿಯಂನ ಫ್ಲೊರೆನ್ ನೆಲೆಗೆ ಮೊದಲ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಬಂದವು.

ಅಮೆರಿಕವನ್ನು ಬಿಟ್ಟರೆ ಅತಿ ದೊಡ್ಡ ಗ್ರಾಹಕ ದೇಶ ಜಪಾನ್. ಅದರ ಯೋಜನೆ 105 ಎಫ್-35ಎ ಮತ್ತು 42 ಎಫ್-35ಬಿ, ಒಟ್ಟು 147 ವಿಮಾನಗಳದು. ಮೊದಲ 4 ವಿಮಾನಗಳು ಫೋರ್ಟ್‌ವರ್ತ್‌ನಲ್ಲಿ ತಯಾರಾದವು. ಜಪಾನಿನಲ್ಲೇ ಜೋಡಿಸಿದ ಪ್ರಥಮ ವಿಮಾನವಾದ ಎಎಕ್ಸ್-5, 2017ರ ಜೂನ್‌ನಲ್ಲಿ ನಗೋಯಾದಲ್ಲಿ ಅನಾವರಣಗೊಂಡಿತು. 2019ರ ಏಪ್ರಿಲ್ 9ರ ರಾತ್ರಿ ಮಿಸಾವಾ ನೆಲೆಯಿಂದ ಹೊರಟ ಅದೇ ವಿಮಾನ ಪೆಸಿಫಿಕ್ ಸಾಗರಕ್ಕೆ ಬಿದ್ದು ಪೈಲಟ್ ಮೃತಪಟ್ಟರು. ಇಂಥ ವಿಮಾನಗಳು ಹಸ್ತಾಂತರದ ಪಟ್ಟಿಯಲ್ಲಿ ಶಾಶ್ವತವಾಗಿ ಉಳಿಯುತ್ತವೆ, ಬಳಕೆಯಲ್ಲಿರುವ ವಿಮಾನಗಳ ಪಟ್ಟಿಯಲ್ಲಿ ಇರುವುದಿಲ್ಲ. 2021ರ ನವೆಂಬರ್‌ನಲ್ಲಿ ಕ್ವೀನ್ ಎಲಿಜಬೆತ್ ನೌಕೆಯಿಂದ ಮೇಲೇರಲಾಗದೆ ಮೆಡಿಟರೇನಿಯನ್ ಸಮುದ್ರ ಸೇರಿದ ಬ್ರಿಟಿಷ್ ವಿಮಾನದ್ದೂ ಇದೇ ಸ್ಥಿತಿ.

ಟರ್ಕಿಯ ವಿಮಾನಗಳು

ಲೆಕ್ಕದ ತೊಡಕಿಗೆ ಟರ್ಕಿಯಷ್ಟು ಸ್ಪಷ್ಟ ನಿದರ್ಶನ ಇನ್ನೊಂದಿಲ್ಲ. 100 ವಿಮಾನಗಳನ್ನು ಕೊಳ್ಳುವ ಯೋಜನೆ ಹೊಂದಿದ್ದ ಟರ್ಕಿಗೆ ಮೊದಲ ವಿಮಾನವನ್ನು 2018ರ ಜೂನ್ 21ರಂದು ಫೋರ್ಟ್‌ವರ್ತ್‌ನ ಸಮಾರಂಭದಲ್ಲಿ ಒಪ್ಪಿಸಲಾಯಿತು. ಟರ್ಕಿಯ ಪೈಲಟ್‌ಗಳು ಲ್ಯೂಕ್ ನೆಲೆಯಲ್ಲಿ ತರಬೇತಿ ಆರಂಭಿಸಿದರು. ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆಯ ಭಾಗಗಳು 2019ರ ಜುಲೈನಲ್ಲಿ ಟರ್ಕಿಗೆ ಬಂದಿಳಿದಾಗ, ಎಫ್-35ರ ಗುಟ್ಟುಗಳು ಆ ವ್ಯವಸ್ಥೆಯ ಮೂಲಕ ಸೋರಬಹುದೆಂದು ಅಮೆರಿಕ ಆ ದೇಶವನ್ನು ಯೋಜನೆಯಿಂದ ಹೊರಹಾಕಿತು. ಟರ್ಕಿಗೆಂದು ತಯಾರಾಗುತ್ತಿದ್ದ 8 ವಿಮಾನಗಳನ್ನು 2020ರಲ್ಲಿ ಅಮೆರಿಕದ ವಾಯುಪಡೆಯೇ ಕೊಂಡಿತು. ಒಡಲಿನ ನಡುಭಾಗ ಸೇರಿದಂತೆ ಟರ್ಕಿಯ ಕಾರ್ಖಾನೆಗಳು ಪೂರೈಸುತ್ತಿದ್ದ ನೂರಾರು ಬಿಡಿಭಾಗಗಳಿಗೆ ಬೇರೆ ತಯಾರಕರನ್ನು ಹುಡುಕಬೇಕಾಯಿತು. ಎಟಿ ಗುರುತು ಹೊತ್ತ ಒಂದು ವಿಮಾನವೂ ಟರ್ಕಿಯ ನೆಲವನ್ನು ಮುಟ್ಟಲಿಲ್ಲ.

ಭಾರತ

ಭಾರತ ಎಫ್-35 ವಿಮಾನದ ಗ್ರಾಹಕ ದೇಶವಲ್ಲ. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನಕ್ಕೆ ಅಮೆರಿಕದ ವಾಯುಪಡೆಯ ಎಫ್-35ಎ ಮೊದಲ ಬಾರಿಗೆ 2023ರ ಫೆಬ್ರುವರಿಯಲ್ಲಿ ಬಂದಿತು. 2025ರ ಪ್ರದರ್ಶನದಲ್ಲಿ ರಷ್ಯಾದ ಸು-57 ಕೂಡ ಅದೇ ನೆಲೆಯಲ್ಲಿ ಕಾಣಿಸಿಕೊಂಡಿತು. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾರತಕ್ಕೆ ಎಫ್-35 ಒದಗಿಸುವ ದಾರಿ ಸುಗಮಗೊಳಿಸುವುದಾಗಿ ಹೇಳಿದರು. ಈ ಬಗ್ಗೆ ಔಪಚಾರಿಕ ಮಾತುಕತೆ ನಡೆದಿಲ್ಲವೆಂದು ಭಾರತ ಸರ್ಕಾರ ಬಳಿಕ ಲೋಕಸಭೆಗೆ ತಿಳಿಸಿತು. 2025ರ ಜೂನ್ 14ರಂದು ತಿರುವನಂತಪುರದಲ್ಲಿ ತುರ್ತಾಗಿ ಇಳಿದು, ದೋಷ ಸರಿಪಡಿಸಿಕೊಂಡು ಜುಲೈ 22ರಂದು ಮರಳಿದ ಎಫ್-35ಬಿ ವಿಮಾನವು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ನೌಕೆಗೆ ಸೇರಿದ್ದಾಗಿತ್ತು.