ಮೂರು ಮಾರಿನ ದೋಣಿ

ಮರ ವಿರಳವಾದ ಗ್ರೀನ್‌ಲೆಂಡಿನಲ್ಲಿ ಇನ್ಯೂಟ್ ಬೇಟೆಗಾರನಿಗೆ ಕಡಲು ದಡಕ್ಕೆ ತಂದೊಗೆದ ಮರವೇ ಬಂಡವಾಳ. ಅದನ್ನು ಸೀಳಿ, ಬಾಗಿಸಿ, ಚರ್ಮದ ದಾರದಿಂದ ಬಿಗಿದು, ಒಬ್ಬನೇ ಕೂರುವ ‘ಕಯಾಕ್’ ದೋಣಿಯ ಹಂದರವನ್ನು ಅವನು ಕಟ್ಟುತ್ತಿದ್ದನು. ಅಳತೆಗೋಲು ಅವನ ದೇಹವೇ! ಅವನದೇ ಮಾರಿನಲ್ಲಿ ಸುಮಾರು ಮೂರು ಮಾರು ಉದ್ದ. ಅವನ ಸೊಂಟ ಹಿಡಿಸುವಷ್ಟೇ ಅಗಲ. ಅದಕ್ಕೆ ಸೀಲ್ ಚರ್ಮವನ್ನು ನೀರು ಸೋರದಂತೆ ಹೊಲಿದು ಹೊದಿಸುವ ಹೊಣೆ ಹೆಂಗಸರದು. ಹೊಲಿಗೆ ಬಿಚ್ಚಿತೆಂದರೆ ಆ ಕೊರೆಯುವ ನೀರಿನಲ್ಲಿ ಪ್ರಾಣಕ್ಕೇ ಸಂಚಕಾರ.

ಇಂದು ಹಲವು ದೇಶಗಳ ಹವ್ಯಾಸಿಗಳು ಮನೆಯಲ್ಲಿಯೇ ಇಂತಹ ದೋಣಿಗಳನ್ನು ಕಟ್ಟುತ್ತಾರೆ. ಚರ್ಮದ ಸ್ಥಾನದಲ್ಲಿ ಕ್ಯಾನ್‌ವಾಸ್ ಅಥವಾ ನೈಲಾನ್ ಬಂದಿದೆ. ದೋಣಿ ಹಳೆಯದಾದರೆ ಹೊದಿಕೆಯನ್ನು ಕಳಚಿ, ಮುರಿದ ಪಟ್ಟಿಯನ್ನು ಬದಲಿಸಿ, ಸಡಿಲಿದ ಕಟ್ಟುಗಳನ್ನು ಬಿಗಿದು, ಹೊಸ ಬಟ್ಟೆ ಹೊದಿಸಿ ಬಣ್ಣ ಬಳಿಯುತ್ತಾರೆ. ಹಂದರ ಗಟ್ಟಿಯಾಗಿದ್ದರೆ ದೋಣಿಗೆ ಮರುಜನ್ಮವುಂಟು.